ಡಬ್ಬಿ ಮೆಣಸಿನಕಾಯಿ ಕೆಂಪು

1986ರ ಗಣೇಶ ಹಬ್ಬಕ್ಕೆ ಇನ್ನೂ ಹದಿನೈದು ದಿನ ಇತ್ತು. ನಮ್ಮ ಕಾಕಾ ಅಂಗಿ ಜೇಬಿನಲ್ಲಿ ಒಂದು ಒಣಮೆಣಸಿನಕಾಯಿ ಇಟ್ಟುಕೊಂಡು ದಾವಣಗೆರೆ ಬಸ್ಸು ಹತ್ತಿದ. ಹೆಗಲಿಗೆ, ಹಳೇ ಚಾದರದಲ್ಲಿ ಸುತ್ತಿ ಸುತಳಿ ಬಿಗಿದ ಬೇಸ್ ಗಿಟಾರು. ಮೆಣಸಿನಕಾಯಿ ನಮ್ಮವ್ವ ವರ್ಷದ ಖಾರಕ್ಕೆಂದು ಇಟ್ಟ ಚೀಲದಿಂದ ಹುಡುಕಿ ಆರಿಸಿದ್ದು. ಕಡ್ಡಿಯಲ್ಲ, ಡಬ್ಬಿ. ಬ್ಯಾಡಗಿ ಪೇಟೆಯ ಗಾಳಿ ಕುಡಿದವರಿಗೆ ಬಿಡಿಸಿ ಹೇಳಬೇಕಿಲ್ಲ: ಕಡ್ಡಿ ಉದ್ದಕ್ಕೆ, ಸಣ್ಣಗೆ, ಸುಕ್ಕುಗಟ್ಟಿರುತ್ತದೆ, ಡಬ್ಬಿ ಗಿಡ್ಡ, ಹೊಟ್ಟೆ ಉಬ್ಬು, ಖಾರ ಕಡಿಮೆ, ಬಣ್ಣ ಜಾಸ್ತಿ. ಗ್ಯಾರೇಜಿನ ಪೇಂಟರ್ ಎದುರು ಅದನ್ನಿಟ್ಟು "ಇಂಥಾ ಕೆಂಪು ಬೇಕು" ಅಂದನಂತೆ. ಪೇಂಟರ್ ಮೆಣಸಿನಕಾಯಿ ಮುರಿದು, ಬೀಜ ಕೊಡವಿ, ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿ, ಕಾರಿಗೆ ಹೊಡೆಯುವ ಕೆಂಪಿಗೆ ಒಂದಿಷ್ಟು ಕರಿ ಬೆರೆಸಿದನಂತೆ. ಬಣ್ಣ ಬೆರೆಸಿದ್ದು ಖರೆ. ಬೀಜ ಕೊಡವಿದ್ದು ಕಾಕಾ ಹಾಕಿದ ಒಗ್ಗರಣೆ ಇರಬಹುದು.

ಹೋದ ವರ್ಷ ಬೇಸಿಗೆಯಲ್ಲಿ ಊರ ಮನೆಯ ಹಂಚು ಇಳಿಸಿ ಸ್ಲ್ಯಾಬ್ ಹಾಕಿಸಲು ನಿಂತಾಗ ಆ ಗಿಟಾರು ಅಟ್ಟದಿಂದ ಕೆಳಗೆ ಬಂತು. ಅದರ ಮೇಲೆ ಮುರಿದ ಟೇಬಲ್ ಫ್ಯಾನು, ನನ್ನ ಹತ್ತನೇ ಇಯತ್ತೆಯ ಪುಸ್ತಕಗಳ ಗಂಟು, ಎರಡು ಖಾಲಿ ಗೊಬ್ಬರದ ಚೀಲ. ನಾಲ್ಕು ತಂತಿಗಳಲ್ಲಿ ಮೂರು ತುಕ್ಕು ಹಿಡಿದಿದ್ದವು, ನಾಲ್ಕನೆಯದು ಇರಲೇ ಇಲ್ಲ. ಕೆಂಪು ಅಲ್ಲಲ್ಲಿ ಸಿಡಿದು, ಒಣಗಿದ ಕೆರೆಯಂಗಳದ ಹಾಗೆ ಸಣ್ಣ ಬಿರುಕು. ಬಲಗೈ ಒರಗುವ ಅಂಚಿನಲ್ಲಿ ಬಣ್ಣ ಸವೆದು ಕಟ್ಟಿಗೆ ಕಾಣುತ್ತಿತ್ತು. ಮೇಲಿನ ಕೊಂಬಿನ ತುದಿಯಲ್ಲಿ ಇನ್ನೊಂದು ಸವಕಲು, ಎರಡು ರೂಪಾಯಿ ನಾಣ್ಯದಷ್ಟು ಅಗಲ. ಅಲ್ಲಿ ಯಾವ ಕೈಯೂ ತಾಗುವುದಿಲ್ಲವಲ್ಲ ಅಂತ ಆಗಲೇ ಅನಿಸಬೇಕಿತ್ತು. ಅನಿಸಲಿಲ್ಲ.

ಬೆಂಗಳೂರಿನಲ್ಲಿ ನನಗೊಬ್ಬ ಗೆಳೆಯ ಇದ್ದಾನೆ, ಹಳೇ ಗಿಟಾರುಗಳ ಹುಚ್ಚ. ಫೋಟೋ ಕಳಿಸಿದೆ. ಹತ್ತೇ ನಿಮಿಷದಲ್ಲಿ ಫೋನು. "ತಲೆ ಮೇಲೆ ಹೆಸರಿದೆಯಾ?" ಇರಲಿಲ್ಲ, ಹೆಸರಿದ್ದ ಜಾಗದಲ್ಲಿ ಎರಡು ಸಣ್ಣ ತೂತು. "ಅರವತ್ತರ ದಶಕದ ಜಪಾನಿನದು ಇರಬೇಕು. ಆಗ ಒಂದೇ ಕಾರ್ಖಾನೆಯಲ್ಲಿ ಮಾಡಿ ಹತ್ತು ಹೆಸರಲ್ಲಿ ಮಾರ್ತಿದ್ರು. ಕೆಂಪಿನ ಕೆಳಗೆ ಸನ್‌ಬರ್ಸ್ಟ್ ಇದ್ದರೆ ಅದನ್ನ ಹೊರಗೆ ತೆಗಿ. ಯಾರೋ ಹಾಳು ಮಾಡಿದಾನೆ."

ಯಾರೋ ಅಲ್ಲ, ನಮ್ಮ ಕಾಕಾ ಅಂತ ನಾನು ಹೇಳಲಿಲ್ಲ.

ಪಿಕ್‌ಗಾರ್ಡಿನ ಸ್ಕ್ರೂಗಳನ್ನು ಬಿಚ್ಚಿ ಆ ಬಿಳಿ ಪ್ಲಾಸ್ಟಿಕ್ಕನ್ನು ಎತ್ತಿದೆ. ದಾವಣಗೆರೆಯ ಪೇಂಟರ್ ಅದನ್ನು ಬಿಚ್ಚುವ ಗೋಜಿಗೆ ಹೋಗಿರಲಿಲ್ಲ. ಸುತ್ತ ಕಾಗದ ಅಂಟಿಸಿ ಹೊಡೆದಿದ್ದ. ಕೆಳಗೆ ನಡುವೆ ಜೇನು ಬಣ್ಣ, ಅಂಚಿಗೆ ಹೋಗುತ್ತ ಕಂದು, ಕೊನೆಗೆ ಕಪ್ಪು. ಬಿಸಿಲು ಕಾಣದೆ ಇದ್ದದ್ದಕ್ಕೆ ನಿನ್ನೆ ಹಚ್ಚಿದಂತಿತ್ತು. ನಿಜ ಹೇಳಬೇಕೆಂದರೆ ಆ ಕ್ಷಣಕ್ಕೆ ನಾನು ಗೆಳೆಯನ ಪಕ್ಷಕ್ಕೆ ಹೋಗಿಬಿಟ್ಟೆ.

ಈ ಗಿಟಾರು ನಮ್ಮೂರಿಗೆ ಬಂದ ಬಗೆ ಹೇಳಬೇಕು. ಕುಮಾರಪಟ್ಟಣ ತುಂಗಭದ್ರೆಯ ಈಚೆ ದಂಡೆ, ಹರಿಹರ ಆಚೆ ದಂಡೆ. 1956ರ ತನಕ ಹೊಳೆಯೇ ಗಡಿ: ಆಚೆ ಮೈಸೂರು, ಈಚೆ ಮುಂಬೈ. ಈಗಲೂ ಸೇತುವೆ ದಾಟಿದರೆ ನಮ್ಮ "ಹೊಂಟೇನಿ" ಅಲ್ಲಿ "ಹೋಗ್ತಿದೀನಿ" ಆಗುತ್ತದೆ. ಆಚೆ 1941ರಿಂದ ಲೇಥ್ ಮಾಡುವ ಕಿರ್ಲೋಸ್ಕರ್ ಇತ್ತು. ಈಚೆ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ಹೆಸರು ಅವರದು, ನೆಲ ನಮ್ಮದು. ನೀಲಗಿರಿ ತೊಲೆಗಳನ್ನು ಚಕ್ಕೆ ಮಾಡಿ ಬೇಯಿಸಿ ರೇಯಾನಿಗೆ ಬೇಕಾದ ತಿರುಳು ತೆಗೆಯುವ ಕೆಲಸ. ಕೆಲಸದ ಜೊತೆ ಕಾಲೊನಿ ಬಂತು, ಕಾಲೊನಿಯ ಜೊತೆ ಎಲ್ಲಿಂದೆಲ್ಲಿಂದಲೋ ಬಂದ ಜನ, ಜನರ ಜೊತೆ ದೊಡ್ಡ ಗಣಪತಿ, ಗಣಪತಿಯ ಜೊತೆ ಆರ್ಕೆಸ್ಟ್ರಾ. ಹಬ್ಬದ ರಾತ್ರಿ ಹರಿಹರ, ರಾಣೇಬೆನ್ನೂರು, ಬ್ಯಾಡಗಿ ಅಂತ ವ್ಯಾನು ಸುತ್ತುತ್ತಿತ್ತು. ನಮ್ಮ ಕಾಕಾ ಫಿಟ್ಟರ್. ಹಾಡಲು ಬರುತ್ತಿರಲಿಲ್ಲ, ಕೀಬೋರ್ಡಿಗೆ ಕೈ ಹಾಕಿದರೆ ಬಯ್ಯುತ್ತಿದ್ದರು. ತಂಡದಲ್ಲಿ ಖಾಲಿ ಇದ್ದದ್ದು ಬೇಸಿನ ಜಾಗ ಒಂದೇ. 1978ರಲ್ಲಿ ಎರಡು ತಿಂಗಳ ಪಗಾರ ಕೂಡಿಸಿಕೊಂಡು ಮುಂಬೈಗೆ ಹೋಗಿ, ಧೋಬಿ ತಲಾವಿನ ಕಡೆ ಒಬ್ಬ ಗೋವಾದ ವಾದ್ಯಗಾರನಿಂದ ಸೆಕೆಂಡ್ ಹ್ಯಾಂಡ್ ತಂದ.

ತಂದ ಮೇಲೆ ಕಲಿತ. ಕಲಿಸಿದ್ದು ರೇಡಿಯೋ ಮತ್ತು ಕ್ಯಾಸೆಟ್. ಜಿ.ಕೆ. ವೆಂಕಟೇಶರ ಬಳಿ ಕನ್ನಡ ಚಿತ್ರಗಳಿಗೆ ಸಹಾಯಕನಾಗಿ ದುಡಿದು ಮೇಲೆ ಬಂದ ಇಳಯರಾಜಾ, 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ' ಹೊತ್ತಿಗೆ ಬೇಸನ್ನು ಹಿಂದಿನ ಸಾಲಿನಿಂದ ಎಬ್ಬಿಸಿ ಮುಂದೆ ತಂದು ಕೂರಿಸಿದ್ದರು. ಹಾಡಿನ ಕೆಳಗೆ ಇನ್ನೊಂದು ಹಾಡು ನಡೆದಿರುತ್ತದೆ. ಕಾಕಾ ಆ ಕೆಳಗಿನ ಹಾಡನ್ನು ಹಿಡಿಯಲು ಟೇಪ್‌ರೆಕಾರ್ಡರಿನ ಮೇಲೆ ಬಗ್ಗಿ ಗಂಟೆಗಟ್ಟಲೆ ಕೂರುತ್ತಿದ್ದ. ಒಂದೊಂದು ಕ್ಯಾಸೆಟ್ಟು ಹಿಂದಕ್ಕೆ ಮುಂದಕ್ಕೆ ತಿರುಗಿಸಿ ತಿರುಗಿಸಿ ಎಳೆದುಹೋಗಿ, ಹಾಡುಗಾರರು ನಿದ್ದೆಗಣ್ಣಲ್ಲಿ ಹಾಡಿದಂತೆ ಕೇಳುತ್ತಿತ್ತು.

ಇಷ್ಟು ಕಷ್ಟಪಟ್ಟು ಕಲಿತದ್ದನ್ನು ಊರು ಕೇಳಿತೇ? ಇಲ್ಲ. ಇದು ನನಗೆ ತಿಳಿದದ್ದು ಬಹಳ ತಡವಾಗಿ, ನಾನೇ ಒಂದಿಷ್ಟು ಧ್ವನಿ ಉಪಕರಣಗಳ ಸಹವಾಸಕ್ಕೆ ಬಿದ್ದಾಗ. ನಾಲ್ಕು ತಂತಿಯ ಬೇಸಿನಲ್ಲಿ ಬೆರಳು ಒತ್ತದೆ ಮೀಟಿದರೆ ಬರುವ ಸ್ವರಗಳು ಸುಮಾರು 41, 55, 73 ಮತ್ತು 98 ಹರ್ಟ್ಸ್. ನಮ್ಮ ಸೌಂಡ್ ಸರ್ವಿಸಿನವರ ಬಳಿ ಇದ್ದದ್ದು ಅಹುಜಾ ಆಂಪ್ಲಿಫೈಯರು, ಬೊಂಬಿನ ತುದಿಗೆ ಕಟ್ಟಿದ ಕಹಳೆ ಸ್ಪೀಕರು. ಭಾಷಣಕ್ಕೆ, ಭಜನೆಗೆ, "ಬೆಳ್ಳಿ ಉಂಗುರ ಸಿಕ್ಕೈತಿ, ಕಳಕೊಂಡವರು ಬಂದು ಒಯ್ಯಬೇಕು" ಅನ್ನುವುದಕ್ಕೆ ಅದರಷ್ಟು ಲಾಯಕ್ಕು ಬೇರೆ ಇಲ್ಲ. ಎರಡು ಊರಾಚೆ ಕೇಳುತ್ತದೆ. ಆದರೆ ಆ ಅಳತೆಯ ಕಹಳೆ 250, 300 ಹರ್ಟ್ಸಿನ ಕೆಳಗೆ ಬಾಯಿಯೇ ಬಿಡುವುದಿಲ್ಲ. ಕಾಕಾ ನುಡಿಸುತ್ತಿದ್ದ ಬಹುತೇಕ ಸ್ವರಗಳ ಬುಡ ಅದಕ್ಕಿಂತ ಕೆಳಗಿತ್ತು. ಹೊರಗೆ ಬರುತ್ತಿದ್ದದ್ದು ತಂತಿಗೆ ಬೆರಳು ತಾಗಿದ ಟಕಟಕ, ಮೇಲೊಂದಿಷ್ಟು ತೆಳು ಗುಂಜು. "ನಿಮ್ಮ ಕಾಕಾ ಅಲ್ಲಿ ನಿಂತು ಏನ್ ಮಾಡತಾನಲೇ?" ಎಂದು ಶಾಲೆಯಲ್ಲಿ ಹುಡುಗರು ಕೇಳುತ್ತಿದ್ದರು. ನನ್ನಲ್ಲಿ ಉತ್ತರ ಇರಲಿಲ್ಲ. ಹನ್ನೆರಡು ವರ್ಷದ ಹುಡುಗನಿಗೆ ಅದೊಂದು ಸಣ್ಣ ಅವಮಾನವೇ. ಅದರ ಮೇಲೆ ಹಾಡು ಹಾಡುಗಳ ನಡುವೆ ಕಾಕಾ ತಲೆ ತಗ್ಗಿಸಿ, ಗಿಟಾರನ್ನು ಎದೆಗೆ ಎತ್ತಿಕೊಂಡು, ಜನರ ಕಡೆ ನೋಡದೆ ನಿಂತುಬಿಡುತ್ತಿದ್ದ. ನಾಚಿಕೆ ಅಂದುಕೊಂಡಿದ್ದೆ.

ಕೆಂಪು ಬಣ್ಣ ಬಂದದ್ದು ಅದಕ್ಕೇ. ಕಾಕಾ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಲೆಕ್ಕ ಸರಳ. ಕೇಳಿಸದಿದ್ದರೆ ಹೋಗಲಿ, ಕಾಣಿಸಲಿ. ಆ ವರ್ಷ ಟ್ಯೂಬ್‌ಲೈಟಿನ ಬೆಳಕಿಗೆ ಅದು ಹೊಳೆದ ರೀತಿ ನನಗಿನ್ನೂ ನೆನಪಿದೆ. ಹುಡುಗರು ಪ್ರಶ್ನೆ ನಿಲ್ಲಿಸಿದರು.

ಈಗ ಆ ಬಣ್ಣವನ್ನು ಹಿಡಿದುಕೊಂಡು ಹರಿಹರದ ಒಬ್ಬ ಹಳೇ ಪೇಂಟರ್ ಬಳಿ ಹೋದೆ. ಆತ ಹತ್ತಿಗೆ ಥಿನ್ನರ್ ಅದ್ದಿ, ಬೆನ್ನಿನ ಕಡೆ ಒಂದು ಮೂಲೆಯಲ್ಲಿ ಒತ್ತಿ ತೆಗೆದ. ಹತ್ತಿ ಕೆಂಪಾಯಿತು.

"ಡ್ಯೂಕೋ ಸಾರ್, ಎನ್‌ಸಿ. ಈಗ ಯಾರೂ ಹೊಡೆಸಲ್ಲ. ಪಿಯು ಹೊಡೆಸ್ಕೊಳ್ಳಿ, ಗಾಜಿನ ಥರ ಬರುತ್ತೆ."

ಪಿಯು ಎಂದರೆ ಪಾಲಿಯುರೆಥೇನ್, ಎನ್‌ಸಿ ಎಂದರೆ ನೈಟ್ರೋಸೆಲ್ಯುಲೋಸ್. ಹತ್ತಿಯ ಅಥವಾ ಕಟ್ಟಿಗೆಯ ನಾರಿಗೆ ನೈಟ್ರಿಕ್ ಆಮ್ಲ ಕುಡಿಸಿ, ದ್ರಾವಕದಲ್ಲಿ ಕರಗಿಸಿದರೆ ಮೆರುಗೆಣ್ಣೆ. ಇದೇ ವಂಶದಲ್ಲಿ ಬಂದೂಕಿನ ಮದ್ದೂ ಇದೆ, ಹಳೇ ಸಿನಿಮಾ ರೀಲೂ ಇದೆ, ಉಗುರಿನ ಬಣ್ಣವೂ ಇದೆ. ಅದೇ ನಾರಿಗೆ ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್ ಕೊಟ್ಟರೆ ರೇಯಾನು. ಅಂದರೆ ಕಾಕಾ ಹಗಲಿಡೀ ಸೆಲ್ಯುಲೋಸಿನ ಕಾರ್ಖಾನೆಯಲ್ಲಿ ನಟ್ಟು ಬೋಲ್ಟು ತಿರುಗಿಸಿ, ಸಂಜೆ ಬಂದು ಸೆಲ್ಯುಲೋಸ್ ಮೆತ್ತಿದ ಗಿಟಾರು ಹಿಡಿಯುತ್ತಿದ್ದ. ಇದನ್ನು ಹೇಳಿದಾಗ ಕಾಕಾ, "ಹಂಗಾದ್ರ ಅದಕ್ಕೂ ಬೋನಸ್ ಕೊಡಬೇಕಿತ್ತು" ಅಂದ.

ಡ್ಯೂಕೋ ಎನ್ನುವ ಹೆಸರಿಗೂ ಒಂದು ಕಥೆ ಇದೆ, ನನ್ನ ಗೆಳೆಯನಿಗೆ ತಿರುಗಿ ಹೇಳಲು ನನಗೆ ಬೇಕಾಗಿದ್ದ ಕಥೆ. ಅಮೆರಿಕದ ಡ್ಯೂಪಾಂಟ್ ಕಂಪನಿ 1920ರ ದಶಕದಲ್ಲಿ ಕಾರುಗಳಿಗೆಂದು ತಂದ ನೈಟ್ರೋಸೆಲ್ಯುಲೋಸ್ ಬಣ್ಣ ಅದು. ದಿನಗಟ್ಟಲೆ ಒಣಗಬೇಕಿದ್ದ ಕಾರು ಗಂಟೆಗಳಲ್ಲಿ ಒಣಗತೊಡಗಿತು. ನಮ್ಮ ಗ್ಯಾರೇಜುಗಳಲ್ಲಿ ಕಂಪನಿ ಮರೆತುಹೋಗಿ ಹೆಸರು ಉಳಿಯಿತು. 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಹೆಸರಿನಲ್ಲಿ ಈ ವಾದ್ಯಕ್ಕೆ ಈಗಿನ ರೂಪ ಕೊಟ್ಟ ಲಿಯೋ ಫೆಂಡರ್ ಕೂಡ, ಗಿರಾಕಿ ಬಣ್ಣ ಕೇಳಿದಾಗ ಡ್ಯೂಪಾಂಟಿನ ಕಾರು ಬಣ್ಣಗಳನ್ನೇ ಹೊಡೆಸುತ್ತಿದ್ದರು. ಇಂದು ಲಕ್ಷಗಟ್ಟಲೆ ಬಾಳುವ ಫಿಯೆಸ್ಟಾ ರೆಡ್ ಫೋರ್ಡ್ ಕಾರಿನದು, ಲೇಕ್ ಪ್ಲಾಸಿಡ್ ಬ್ಲೂ ಕ್ಯಾಡಿಲಾಕಿನದು. 1960ರ ದಶಕದ ಕೊನೆಗೆ ದಪ್ಪ ಪಾಲಿಯೆಸ್ಟರ್ ಬಂತು, ಅಂಥ ಗಿಟಾರುಗಳನ್ನು ಸಂಗ್ರಾಹಕರು ಅಷ್ಟಾಗಿ ಮೂಸುವುದಿಲ್ಲ. ಒಟ್ಟಿನಲ್ಲಿ ಅಲ್ಲಿ ಕಾರ್ಖಾನೆಯೊಳಗೆ ಕಾರಿನ ಬಣ್ಣ ಹೊಡೆದರೆ ಒರಿಜಿನಲ್, ದಾವಣಗೆರೆಯ ಶೆಡ್ಡಿನಲ್ಲಿ ಹೊಡೆದರೆ ಹಾಳು ಮಾಡಿದ್ದು.

ಗೆಳೆಯ ನಕ್ಕ, ಸೋಲಲಿಲ್ಲ. "ಮಾರುಕಟ್ಟೆ ನಾನು ಮಾಡಿದ್ದಾ? ಬಣ್ಣ ಬದಲಾದರೆ ಬೆಲೆ ಅರ್ಧಕ್ಕೆ ಇಳಿಯುತ್ತೆ, ಅಷ್ಟೇ." ಹೆಸರೇ ಇಲ್ಲದ ಗಿಟಾರಿಗೆ ಪೂರ್ತಿ ಬೆಲೆ ಎಷ್ಟು ಎಂದು ಕೇಳಿದೆ. ಅದಕ್ಕೆ ಅವನಲ್ಲಿ ಜವಾಬಿರಲಿಲ್ಲ.

ಇನ್ನೊಂದು ತೊಡಕನ್ನು ತೋರಿಸಿದ್ದು ಆ ಪೇಂಟರೇ. ಕೆಂಪಿನ ಕೆಳಗಿನ ಪದರಕ್ಕೂ ಥಿನ್ನರ್ ತಾಗಿಸಿದ. ಅದೂ ಮೆತ್ತಗಾಗಿ ಬೆರಳಿಗೆ ಅಂಟಿತು. ಎರಡೂ ಒಂದೇ ಜಾತಿ. ಹೊಸ ಎನ್‌ಸಿ ಹೊಡೆದಾಗ ಅದು ಹಳೆಯದನ್ನು ಒಂದಿಷ್ಟು ಕರಗಿಸಿ ಅದರೊಳಗೇ ಇಳಿದು ಕೂರುತ್ತದೆ. ಮೇಲಿನದನ್ನು ಮಾತ್ರ ತೊಳೆದು ಕೆಳಗಿನದನ್ನು ಉಳಿಸುತ್ತೇನೆಂದರೆ ಥಿನ್ನರಿಗೆ ಕಾಕಾ ಯಾರು, ಜಪಾನಿನವ ಯಾರು ಎಂದು ಗೊತ್ತಾಗುವುದಿಲ್ಲ. ಇರುವ ದಾರಿ ಒಂದೇ: ಒಣ ಕಾಗದದಲ್ಲಿ ಇಷ್ಟಿಷ್ಟೇ ಉಜ್ಜುತ್ತ ಹೋಗುವುದು.

ರಾಣೇಬೆನ್ನೂರಿನ ಬಡಗಿಯೊಬ್ಬರ ಮಾತು ಮತ್ತೂ ಬೇರೆ. ಗಿಟಾರನ್ನು ಕೈಯಲ್ಲಿ ತೂಗಿ ನೋಡಿ, ಬೆರಳ ಗೆಣ್ಣಿನಿಂದ ಬೆನ್ನು ತಟ್ಟಿ, "ಬಣ್ಣದ ಮಾತು ಆಮ್ಯಾಲ ನೋಡೂಣ್ರೀ, ಕಟಗಿ ಬಾಗೈತೇನು ಮೊದ್ಲ ನೋಡ್ರಿ" ಅಂದರು. ಬಾಗಿತ್ತು, ಕತ್ತಿನ ಹತ್ತಿರ ಒಂದು ನೂಲಿನಷ್ಟು. ಇಷ್ಟು ದಿನ ಮೈಬಣ್ಣದ ಚಿಂತೆಯಲ್ಲಿದ್ದವನಿಗೆ ಕತ್ತು ಸೊಟ್ಟ ಇರುವುದು ಕಂಡಿರಲಿಲ್ಲ. ಅವರ ಅಂಗಡಿಯ ಹಿಂದೆ ದ್ಯಾಮವ್ವನ ಜಾತ್ರೆಗೆ ಅಂತ ಪಲ್ಲಕ್ಕಿಯೊಂದು ದುರಸ್ತಿಗೆ ಬಂದಿತ್ತು. ನಮ್ಮ ಸೀಮೆಯಲ್ಲಿ ಜಾತ್ರೆಗೆ ಮೊದಲು ಕಟ್ಟಿಗೆಯ ದೇವಿಯನ್ನು ಬಣ್ಣಕ್ಕೆ ಕೊಡುತ್ತಾರೆ. ಚಿತ್ರಗಾರರು ಸಿಡಿದ ಬಣ್ಣ ಕೆರೆದು ಹೊಸದು ಹಚ್ಚುತ್ತಾರೆ, ಕಣ್ಣು ಬರೆಯುವುದು ಕೊನೆಗೆ. ಅಜ್ಜನ ಕಾಲದ ಬಣ್ಣ ಹೋಯಿತಲ್ಲ ಎಂದು ಅತ್ತವರನ್ನು ನಾನು ಕಂಡಿಲ್ಲ. ಬಣ್ಣ ಮಾಸಿದ ದೇವಿಯನ್ನು ತೇರಿಗೇರಿಸಿದರೆ ಊರು ಸುಮ್ಮನಿರುತ್ತದೆಯೇ? ಹಳತನ್ನು ಹಳತಾಗಿಯೇ ಇಡುವ ಚಟ ನನಗೆ ಅಂಟಿದ್ದು ಪೇಟೆಯಲ್ಲಿ. ನಮ್ಮ ದಂಡೆಯಲ್ಲಿ ಅದು ಬೆಳೆಯುವುದಿಲ್ಲ.

ನುಡಿಸುವವರೂ ಹೀಗೇ. ಡೆಟ್ರಾಯಿಟ್ಟಿನ ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತಂತಿ ಹರಿಯುವ ತನಕ ಬದಲಿಸುತ್ತಿರಲಿಲ್ಲ. ಜಾಕೋ ಪಾಸ್ಟೋರಿಯಸ್ ಫ್ರೆಟ್ಟುಗಳನ್ನೇ ಕಿತ್ತುಹಾಕಿದನಂತೆ, ಸಂದಿಗೆ ಪುಟ್ಟಿ ತುಂಬಿ, ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದ. ಇಬ್ಬರದೂ 1962ರ ಫೆಂಡರು. ಒಬ್ಬ ಏನೂ ಮುಟ್ಟಲಿಲ್ಲ, ಇನ್ನೊಬ್ಬ ಏನನ್ನೂ ಬಿಡಲಿಲ್ಲ. ಪಳೆಯುಳಿಕೆ ಕಾಯುವ ಉದ್ದೇಶ ಇಬ್ಬರಿಗೂ ಇರಲಿಲ್ಲ. ಜಾಕೋನ ಗಿಟಾರು ನ್ಯೂಯಾರ್ಕಿನ ಪಾರ್ಕೊಂದರಲ್ಲಿ ಕಳುವಾದದ್ದು 1986ರಲ್ಲಿ, ನಮ್ಮ ಕಾಕಾ ಮೆಣಸಿನಕಾಯಿ ಹಿಡಿದು ಹೊರಟ ವರ್ಷ.

ಇಷ್ಟೆಲ್ಲ ತಿಳಿದುಕೊಂಡ ಮೇಲೂ ಒಂದು ಮಧ್ಯಾಹ್ನ ನಾನು 320 ನಂಬರಿನ ಕಾಗದ ಕೈಗೆತ್ತಿಕೊಂಡೆ. ಜೇನು ಬಣ್ಣದ ಆಸೆ ಬಿಟ್ಟಿರಲಿಲ್ಲ. ಎಲ್ಲಿಂದ ಶುರು ಮಾಡಲಿ? ಸುಲಭವಾದಲ್ಲಿಂದ, ಈಗಾಗಲೇ ಸವೆದಲ್ಲಿಂದ. ಮೇಲಿನ ಕೊಂಬಿನ ಆ ನಾಣ್ಯದಗಲದ ಕಲೆಯ ಅಂಚು ಹಿಡಿದು ಉಜ್ಜಿದೆ. ಕೆಂಪು ಪುಡಿ ಉದುರಿತು, ಅದರ ಕೆಳಗೆ ಬೂದು ಬಣ್ಣದ ಪ್ರೈಮರು, ಅದರ ಕೆಳಗೆ ಕಪ್ಪು. ಕಪ್ಪು ಕಂಡು ಹುರುಪು ಬಂದು ಇನ್ನೆರಡು ಸಲ ಎಳೆದದ್ದೇ ತಡ, ಅದೂ ಹೋಗಿ ಬರೀ ಕಟ್ಟಿಗೆ. ಅಂಚಿನಲ್ಲಿ ಬಣ್ಣ ಯಾವತ್ತೂ ತೆಳು, ನಿಧಾನ ಎಂದು ಪೇಂಟರ್ ಎರಡು ಸಲ ಹೇಳಿದ್ದ. ಅರ್ಧ ತಾಸಿನಲ್ಲಿ ಅಂಗೈಯಗಲದ ಜಾಗ ಬೋಳಾಯಿತು.

ಕಾಕಾ ಸಂಜೆ ಬಂದ. ಎಪ್ಪತ್ತೆರಡು ದಾಟಿದ್ದಾನೆ, ಮೊಣಕಾಲು ನೋವು, ಸೇತುವೆ ತನಕ ನಡೆದು ಬರುವುದನ್ನು ಬಿಟ್ಟಿಲ್ಲ. ಕುರ್ಚಿಯ ಮೇಲೆ ಕೂತು, ಗಿಟಾರನ್ನು ತೊಡೆಗೆ ಎಳೆದುಕೊಂಡು, ಉಳಿದ ಮೂರು ತಂತಿಗಳಲ್ಲಿ ದಪ್ಪನೆಯದನ್ನು ಮೀಟಿದ. ಆಮೇಲೆ ತಲೆ ಬಗ್ಗಿಸಿ, ಗಿಟಾರನ್ನು ಎದೆಗೆ ಎತ್ತಿ, ದವಡೆಯನ್ನು ಆ ಕೊಂಬಿನ ತುದಿಗೆ ಒತ್ತಿ ಬಿರಡೆ ತಿರುಗಿಸತೊಡಗಿದ.

"ಏನ್ ಮಾಡಾಕತ್ತಿ ಕಾಕಾ?"

"ಶ್ರುತಿ ಹಚ್ಚಾಕತ್ತೇನಿ."

"ಗಲ್ಲದಾಗಾ?"

"ಮತ್ತ ಕಿವಿಯಾಗ ಕೇಳತಿತ್ತೇನು? ಆ ಕಡೆ ಡ್ರಮ್ಮು, ಈ ಕಡೆ ಕಹಳಿ. ನನ್ನ ಪೆಟಿಗಿ ಬ್ಯಾರೆ ಇದ್ದಿಲ್ಲ. ಎಲಬಿಗೆ ಹಚ್ಚಿದ್ರ ಸ್ವಚ್ಛ ಕೇಳತೈತಿ. ಬಾ, ನೋಡು."

ದವಡೆ ಹಚ್ಚಿದೆ. ಆತ ತಂತಿ ಮೀಟಿದ. ಕೋಣೆಯಲ್ಲಿ ನೊಣದ ಸದ್ದಿನಷ್ಟಿದ್ದದ್ದು ತಲೆಯೊಳಗೆ ಗುಡಿಯ ಗಂಟೆಯ ಹಾಗೆ ಮೊಳಗಿತು, ಹಲ್ಲು ಜುಮ್ಮೆಂದವು. ಹದಿಮೂರು ವರ್ಷ, 1991ರಲ್ಲಿ ಕೀಬೋರ್ಡಿನವರು ಎಡಗೈಯಲ್ಲೇ ಬೇಸ್ ಹಾಕಲು ಕಲಿತು ತಂಡಕ್ಕೆ ಒಬ್ಬ ಆಳು ಕಡಿಮೆ ಸಾಕೆಂದು ಆಗುವ ತನಕ, ಆ ನುಡಿಸಾಣಿಕೆಯನ್ನು ಪೂರ್ತಿಯಾಗಿ ಕೇಳಿದ್ದು ಒಂದೇ ಒಂದು ದವಡೆ. ದವಡೆಯ ಕುರುಚಲು ಗಡ್ಡ, ಬೆವರು ಸೇರಿ ಡ್ಯೂಕೋ ತಿಂದು ಮಾಡಿದ ನಾಣ್ಯದಗಲದ ಕಲೆ ಅದು. ಮಧ್ಯಾಹ್ನ ನಾನು ಅದನ್ನೇ ಉಜ್ಜಿ ತೆಗೆದಿದ್ದೆ.

ಹೇಳಿದೆ. ಹೇಳುವಾಗ ನನ್ನ ದನಿ ಸ್ವಲ್ಪ ನಡುಗಿರಬೇಕು. ಕಾಕಾನಿಗೆ ಅದರಲ್ಲಿ ಮರುಗುವಂಥದ್ದೇನೂ ಕಾಣಲಿಲ್ಲ. ಬೋಳಾದ ಜಾಗದ ಮೇಲೆ ಹೆಬ್ಬೆರಳು ಆಡಿಸಿ, "ಚಲೋ ಮಾಡಿದಿ, ಮೊದ್ಲ ಅಂಚು ಚುಚ್ಚತಿತ್ತು" ಅಂದ. ಬಳಿಕ, "ಉಳಿದದ್ದು ಯಾವಾಗ ತಿಕ್ಕತಿ?"

"ತಿಕ್ಕೂದು ಬ್ಯಾಡ ಅನ್ಸತೈತಿ. ಈ ಕೆಂಪು ಹಂಗ ಇರಲಿ."

"ಯಾಕ? ಎಲ್ಲಾ ಸಿಡದೈತಿ. ಹೆಣಕ್ಕ ಬಣ್ಣ ಬಳದಂಗ ಕಾಣತೈತಿ. ಈ ಸಲ ನೀಲಿ ಹಚ್ಚಸೂಣು."

ನೀಲಿಯ ವಿಷಯಕ್ಕೆ ನಮ್ಮಿಬ್ಬರಲ್ಲಿ ಮೂರು ದಿನ ಜಗಳ ನಡೆಯಿತು. ಗಿಟಾರು ಆತನದು, ಖರ್ಚು ನನ್ನದು, ಹಾಗಾಗಿ ಇಬ್ಬರ ಮಾತಿಗೂ ಅಷ್ಟಷ್ಟೇ ತೂಕ. ಕೊನೆಗೆ ಬಡಗಿಯ ಮಾತು ಗೆದ್ದಿತು: ಮೊದಲು ಕತ್ತು. ಗೆಳೆಯ ಬೆಂಗಳೂರಿನಿಂದ ಹೊಸ ತಂತಿ ಕಳಿಸಿದ, ಕತ್ತಿನೊಳಗಿನ ಕಬ್ಬಿಣದ ಸರಳನ್ನು ಕಾಲು ಸುತ್ತಿನಂತೆ ತಿರುಗಿಸುವುದನ್ನು ಫೋನಿನಲ್ಲೇ ಹೇಳಿಕೊಟ್ಟ. ಫಿಟ್ಟರಿಗೆ ಅದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಬೋಳು ಕೊಂಬಿಗೆ ಬಡಗಿ ಅರಗಿನ ಪಾಲಿಶ್ ಹಿಡಿಸಿದರು, ಬಟ್ಟೆಯ ಉಂಡೆಯಲ್ಲಿ ಒರೆಸಿ ಒರೆಸಿ, ಮೂರು ಕೈ. ಆಗ ಅಲ್ಲಿ ಒಂದು ತೆಳು ಜೇನು ಬಣ್ಣ ಬಂತು, ಪಿಕ್‌ಗಾರ್ಡಿನ ಕೆಳಗೆ ಕಂಡದ್ದಕ್ಕೆ ಹತ್ತಿರದ್ದು. ಹತ್ತಿರದ್ದು, ಅಷ್ಟೇ.

ನಾನು ಬೆಂಗಳೂರಿಗೆ ವಾಪಸಾದೆ. ಸಣ್ಣದೊಂದು ಆಂಪ್ಲಿಫೈಯರು ಕೊಡಿಸಿ ಬಂದಿದ್ದೇನೆ, ಹತ್ತು ಅಂಗುಲದ ಸ್ಪೀಕರಿನದು. ಸಂಜೆ ಹೊತ್ತು ನೆರೆಮನೆಯ ಪಾತ್ರೆ ನಡುಗುತ್ತವಂತೆ, ಕಾಕಿ ದೂರು ಹೇಳುತ್ತಾಳೆ. ಆದರೂ ಶ್ರುತಿಗೆ ದವಡೆಯೇ ಬೇಕಂತೆ ಆತನಿಗೆ. ಹೋದ ವಾರ ಕಾಕಾ ಫೋನಿನಲ್ಲಿ ಹರಿಹರದ ಆ ಪೇಂಟರ್‌ನ ನಂಬರು ಕೇಳಿದ. ಯಾಕೆ ಅಂದರೆ, ಸುಮ್ಮನೆ ಅಂದ. ಕಾಕಿಯನ್ನು ಕೇಳಿದೆ. "ಬೆಳಗ್ಗಿಂದ ಶಂಖಪುಷ್ಪದ ಹೂ ಒಂದು ಜೇಬಿನ್ಯಾಗ ಇಟ್ಕೊಂಡು ಅಡ್ಡಾಡಾಕತ್ತಾರ" ಅಂದಳು.